ಡೀಸೆಲ್ ತೆರಿಗೆಗೆ ‘ಹೌದು’ ಅಂದವರು ಯಾರು?

ಚುನಾವಣೆಗೆ ನಿಲ್ಲುವವರು ಸಲ್ಲಿಸುವ ಪ್ರಮಾಣಪತ್ರದಲ್ಲಿ ಹೆಂಡತಿಯ ಒಡವೆಯ ತೂಕ ಇರುತ್ತದೆ, ಬ್ಯಾಂಕಿನ ಸಾಲ ಇರುತ್ತದೆ, ಮೇಲಿರುವ ಕೇಸುಗಳೂ ಇರುತ್ತವೆ. ದೇವನಹಳ್ಳಿಯ ಮತದಾರ ತನ್ನ ಶಾಸಕರ ಬಗ್ಗೆ ಇಷ್ಟನ್ನೂ ಕೂತಲ್ಲೇ ತಿಳಿಯಬಹುದು. ತನ್ನ ಟ್ರ್ಯಾಕ್ಟರಿಗೆ ಹಾಕಿಸುವ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿದಾಗ ಆ ಶಾಸಕರು ಯಾವ ಕಡೆ ಮತ ಹಾಕಿದರು ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ. ಯಾರೋ ಮುಚ್ಚಿಟ್ಟಿದ್ದಾರೆ ಅಂತಲ್ಲ. ಮತದಾನವೇ ನಡೆದಿಲ್ಲ.

ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ. 2024ರ ಫೆಬ್ರುವರಿ 16ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಬಜೆಟ್ ಮಂಡಿಸಿದರು. ಪೆಟ್ರೋಲ್, ಡೀಸೆಲ್ ತೆರಿಗೆ ಏರಿಸುತ್ತೇವೆಂಬ ಮಾತು ಅದರಲ್ಲಿ ಇರಲಿಲ್ಲ. ಏಪ್ರಿಲ್ 26ರಂದು ದೇವನಹಳ್ಳಿಯೂ ಸೇರಿದ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿ ಮತದಾನ. ಜೂನ್ 4ಕ್ಕೆ ಎಣಿಕೆ. ಜೂನ್ 15ಕ್ಕೆ ಅಧಿಸೂಚನೆ: ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ, ಡೀಸೆಲ್ ಮೇಲಿನದು ಶೇ 14.34ರಿಂದ 18.44ಕ್ಕೆ. ವಿಧಾನಮಂಡಲದ ಅಧಿವೇಶನ ಸೇರಿದ್ದು ಅದಾಗಿ ಒಂದು ತಿಂಗಳಿಗೆ. ಅಷ್ಟರಲ್ಲಿ ಜನ ಹೊಸ ದರಕ್ಕೆ ಒಗ್ಗಿಹೋಗಿದ್ದರು.

ಮರುವರ್ಷವೂ ಇದೇ ಆಟ. 2025ರ ಬಜೆಟ್ ಅಧಿವೇಶನ ಮಾರ್ಚ್ 21ಕ್ಕೆ ಮುಗಿಯಿತು. ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಶೇ 21.17, ಲೀಟರಿಗೆ ಎರಡು ರೂಪಾಯಿ ಜಾಸ್ತಿ. ಆ ಮಾರ್ಚ್ 21ರಂದು ಸದನ ಸುಮ್ಮನೇನೂ ಕೂತಿರಲಿಲ್ಲ. ಗದ್ದಲದ ನಡುವೆಯೇ ಮುಖ್ಯಮಂತ್ರಿ, ಸಚಿವರು, ಶಾಸಕರ ಸಂಬಳವನ್ನು ಇಮ್ಮಡಿಗೊಳಿಸುವ ಮಸೂದೆಗಳು ಚರ್ಚೆಯಿಲ್ಲದೆ ಪಾಸಾದವು. ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಅದೇ ದಿನ ಬಿಜೆಪಿಯ 18 ಶಾಸಕರು ಅಮಾನತಾದರು. ತಮ್ಮ ಸಂಬಳಕ್ಕೆ ಸದನ ಬೇಕು, ನಮ್ಮ ಡೀಸೆಲ್‌ಗೆ ಬೇಡ.

ಇಷ್ಟು ಓದಿ ಇದು ಕಾಂಗ್ರೆಸ್ ವಿರೋಧಿ ಲೇಖನ ಎಂದುಕೊಂಡವರು ಸ್ವಲ್ಪ ತಡೆಯಬೇಕು. 2018ರ ಜುಲೈನಲ್ಲಿ ಮುಖ್ಯಮಂತ್ರಿಯಾಗಿದ್ದ ಜೆಡಿಎಸ್‌ನ ಕುಮಾರಸ್ವಾಮಿಯವರು ಪೆಟ್ರೋಲ್ ತೆರಿಗೆಯನ್ನು ಶೇ 30ರಿಂದ 32ಕ್ಕೆ, ಡೀಸೆಲ್ ತೆರಿಗೆಯನ್ನು ಶೇ 19ರಿಂದ 21ಕ್ಕೆ ಏರಿಸಿದರು. ಸೆಪ್ಟೆಂಬರಿನಲ್ಲಿ ಎರಡು ರೂಪಾಯಿ ಇಳಿಸಿದರು, ಮುಂದಿನ ಜನವರಿಯಲ್ಲಿ ಮತ್ತೆ ಏರಿಸಿದರು. 2020ರ ಮಾರ್ಚ್‌ನಲ್ಲಿ ಬಿಜೆಪಿಯ ಯಡಿಯೂರಪ್ಪನವರು ಅದನ್ನು 35 ಮತ್ತು 24ಕ್ಕೆ ಒಯ್ದರು. 2021ರ ನವೆಂಬರಿನಲ್ಲಿ ಬೊಮ್ಮಾಯಿಯವರು ಲೀಟರಿಗೆ ಏಳು ರೂಪಾಯಿ ಇಳಿಸಿದರು. ಅದಕ್ಕೆ ಎರಡು ತಿಂಗಳು ಮುಂಚೆ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಇಂಧನ ಬೆಲೆ ವಿರೋಧಿಸಿ ವಿಧಾನಸೌಧಕ್ಕೆ ಎತ್ತಿನ ಗಾಡಿಯಲ್ಲಿ ಬಂದಿದ್ದರು. 2024ರಲ್ಲಿ ಬೀದಿಗಿಳಿಯುವ ಸರದಿ ಬಿಜೆಪಿಯದಾಯಿತು. ನಮ್ಮ ರಾಜಕಾರಣಿಗಳಿಗೆ ಎತ್ತಿನ ಗಾಡಿ ನೆನಪಾಗುವುದು ವಿರೋಧ ಪಕ್ಷದಲ್ಲಿದ್ದಾಗ ಮಾತ್ರ.

2018ರ ಜುಲೈನಲ್ಲಿ ಕುಮಾರಸ್ವಾಮಿ, 2020ರಲ್ಲಿ ಯಡಿಯೂರಪ್ಪ ಏರಿಸಿದ್ದು ಬಜೆಟ್ ಭಾಷಣದಲ್ಲಿ, ಸದನದ ಎದುರು ನಿಂತು. ಅಷ್ಟರ ಮಟ್ಟಿಗೆ ಅವರದು ನೇರ ನಡೆ. ಆದರೆ ಅಲ್ಲೂ ಸದಸ್ಯರ ಹೆಸರು ದಾಖಲಾಗುವುದಿಲ್ಲ. ‘ಪರವಾಗಿರುವವರು ಹೌದು ಎನ್ನಿ, ವಿರೋಧವಾಗಿರುವವರು ಇಲ್ಲ ಎನ್ನಿ’ ಎನ್ನುತ್ತಾರೆ ಸಭಾಧ್ಯಕ್ಷರು. ಒಂದು ಗದ್ದಲ ಕೇಳುತ್ತದೆ. ‘ಹೌದು ಎಂಬುವವರು ಹೆಚ್ಚು’ ಎನ್ನುತ್ತಾರೆ. ಧ್ವನಿಮತ ಎಂದರೆ ಇಷ್ಟೇ. ಸದಸ್ಯ ಬಾಯಿ ಬಿಟ್ಟನೋ ಇಲ್ಲವೋ, ಸೀಟಿನಲ್ಲಿದ್ದನೋ ಕ್ಯಾಂಟೀನಿನಲ್ಲಿದ್ದನೋ, ಅದರಿಂದ ಗೊತ್ತಾಗದು. ಅಮೆರಿಕದ ರಾಜ್ಯಗಳಲ್ಲಿ ಮಾರಾಟ ತೆರಿಗೆಯ ಪರ ಮತ ಹಾಕಿದ ಶಾಸಕನ ಹೆಸರನ್ನು ಎದುರಾಳಿ ಮುಂದಿನ ಚುನಾವಣೆಯಲ್ಲಿ ಮನೆಮನೆಗೆ ಮುಟ್ಟಿಸುತ್ತಾನೆ. ನಮ್ಮಲ್ಲಿ ಮುಟ್ಟಿಸಲು ದಾಖಲೆಯೇ ಇಲ್ಲ.

ಜಿಎಸ್‌ಟಿ ಬಂದ ಮೇಲೆ ಇನ್ನೂ ಮಬ್ಬು. 2016ರ ಆಗಸ್ಟ್ 8ರಂದು ಲೋಕಸಭೆ ಸಂವಿಧಾನ ತಿದ್ದುಪಡಿಯನ್ನು 443–0 ಮತಗಳಿಂದ ಒಪ್ಪಿತು. ಸಂವಿಧಾನ ತಿದ್ದುಪಡಿಗೆ ಧ್ವನಿಮತ ಸಾಲದು, ಆದ್ದರಿಂದ ಲೆಕ್ಕವಾದರೂ ಉಳಿಯಿತು. ಆಮೇಲೆ ದರಗಳ ವಿಷಯ ಜಿಎಸ್‌ಟಿ ಮಂಡಳಿಗೆ ಹೋಯಿತು. ಅಲ್ಲಿ ಕೇಂದ್ರಕ್ಕೆ ಮೂರನೇ ಒಂದರಷ್ಟು ಮತಮೌಲ್ಯ, ಎಲ್ಲ ರಾಜ್ಯಗಳಿಗೂ ಸೇರಿ ಉಳಿದದ್ದು, ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು. ಕಾಗದದ ಮೇಲಿನ ಈ ಲೆಕ್ಕ ಮೊದಲ ಸಲ ಬಳಕೆಗೆ ಬಂದದ್ದು 2019ರ ಡಿಸೆಂಬರಿನಲ್ಲಿ, ಲಾಟರಿ ತೆರಿಗೆಗೆ. ಮಿಕ್ಕಂತೆ ‘ಒಮ್ಮತ’. 2022ರ ಜುಲೈ 18ರಿಂದ ಪ್ಯಾಕೆಟ್ ಮೊಸರಿನ ಮೇಲೆ ಶೇ 5 ಬಿದ್ದಾಗ ಈ ಒಮ್ಮತದ ಬಣ್ಣ ಬಯಲಾಯಿತು. ಎಲ್ಲ ರಾಜ್ಯಗಳೂ ಒಪ್ಪಿದ್ದವು ಎಂದರು ಕೇಂದ್ರ ಹಣಕಾಸು ಸಚಿವೆ. ವಿರೋಧ ಪಕ್ಷಗಳು ಮೊಸರಿನ ತೆರಿಗೆ ವಿರುದ್ಧ ಬೀದಿಯಲ್ಲಿದ್ದವು. ದರ ಪರಿಷ್ಕರಣೆಯ ಸಚಿವರ ಗುಂಪಿಗೆ ಅಧ್ಯಕ್ಷರಾಗಿದ್ದವರು ಆಗಿನ ನಮ್ಮ ಮುಖ್ಯಮಂತ್ರಿ ಬೊಮ್ಮಾಯಿ. ನಂದಿನಿ ಮೊಸರು ಕೊಳ್ಳುವವರಿಗೆ ಬೈಯಲು ಒಂದು ಹೆಸರೂ ಸಿಗಲಿಲ್ಲ.

ಆದರೆ ಪೆಟ್ರೋಲ್, ಡೀಸೆಲ್, ವಿಮಾನದ ಇಂಧನ ಇವತ್ತಿಗೂ ರಾಜ್ಯದ ಕೈಯಲ್ಲೇ ಇವೆ. 2021ರ ಸೆಪ್ಟೆಂಬರಿನ ಲಖನೌ ಸಭೆಯಲ್ಲಿ ಅವನ್ನು ಜಿಎಸ್‌ಟಿಗೆ ತರುವ ವಿಷಯ ಬಂದಾಗ ರಾಜ್ಯಗಳು ಪಕ್ಷಭೇದ ಮರೆತು ಬೇಡ ಅಂದವು. ಯಾಕೆಂದು ಬಂಕಿನ ಚೀಟಿ ನೋಡಿದರೆ ಗೊತ್ತಾಗುತ್ತದೆ. ದೇವನಹಳ್ಳಿಯ ರಾಣಿ ಕ್ರಾಸ್‌ನ ದಿನಸಿ ಅಂಗಡಿಯ ಬಿಲ್ಲಿನಲ್ಲಿ ಕೇಂದ್ರದ ಜಿಎಸ್‌ಟಿ ಇಷ್ಟು, ರಾಜ್ಯದ್ದು ಇಷ್ಟು ಎಂದು ಬೇರೆ ಬೇರೆ ಬರೆದಿರುತ್ತದೆ. ಬಂಕಿನ ಚೀಟಿಯಲ್ಲಿ ಲೀಟರ್, ದರ, ಮೊತ್ತ, ಅಷ್ಟೇ. 2025ರ ಏಪ್ರಿಲ್‌ನಲ್ಲಿ 91 ರೂಪಾಯಿ ಇದ್ದ ಡೀಸೆಲ್‌ನಲ್ಲಿ ರಾಜ್ಯದ ಪಾಲು ಹತ್ತಿರ ಹತ್ತಿರ 16 ರೂಪಾಯಿ ಎಂದು ಎಲ್ಲೂ ಅಚ್ಚಾಗಲಿಲ್ಲ. ಅದು ಶೇಕಡಾ ಲೆಕ್ಕ ಬೇರೆ; ಕೇಂದ್ರದ ಅಬಕಾರಿ ಸುಂಕ ಸೇರಿದ ಬೆಲೆಯ ಮೇಲೆ ಬೀಳುವುದು. ಅಂದರೆ ತೆರಿಗೆಯ ಮೇಲೆ ತೆರಿಗೆ. ಮೂಲ ಬೆಲೆ ಏರಿದರೆ ಯಾರೂ ಸಹಿ ಹಾಕದೆಯೇ ಬೊಕ್ಕಸದ ಪಾಲೂ ಏರುತ್ತದೆ.

ದೇವನಹಳ್ಳಿಗೆ ಇದರಲ್ಲಿ ಇನ್ನೊಂದು ಉರಿ ಇದೆ. ತಾಲ್ಲೂಕಿನ ಭೂಮಿಯಲ್ಲಿ ನಿಂತ ವಿಮಾನ ನಿಲ್ದಾಣದಲ್ಲಿ ತುಂಬುವ ಇಂಧನದ ಮೇಲಿನ ತೆರಿಗೆಯನ್ನು ಬೊಮ್ಮಾಯಿ ಸರ್ಕಾರ ಶೇ 28ರಿಂದ 18ಕ್ಕೆ ಇಳಿಸಿತು. ಅದೇ ಬೇಲಿಯಾಚೆ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಟ್ರ್ಯಾಕ್ಟರ್, ತಾಲ್ಲೂಕಿನದೇ ವಿಜಯಪುರದ ಮಾರುಕಟ್ಟೆಗೆ ರೇಷ್ಮೆ ಗೂಡು ಒಯ್ಯುವ ಗಾಡಿ, ಬೋರು ಬತ್ತಿದ ಬಡಾವಣೆಗಳಿಗೆ ನೀರು ಹೊಡೆಯುವ ಟ್ಯಾಂಕರ್ ಕುಡಿಯುವ ಡೀಸೆಲ್‌ಗೆ ಶೇ 21.17. ವಿಮಾನ ಕಂಪನಿಗಳು ಬೇರೆ ರಾಜ್ಯದಲ್ಲಿ ಟ್ಯಾಂಕ್ ತುಂಬಿಸಿಕೊಂಡಾವು ಎಂಬ ಸಮರ್ಥನೆ ಇದೆ, ಅದರಲ್ಲಿ ತಕ್ಕಮಟ್ಟಿಗೆ ಹುರುಳೂ ಇದೆ. ಇರಲಿ. ಈ ಎರಡು ದರಗಳನ್ನು ಅಕ್ಕಪಕ್ಕ ಇಟ್ಟು ನಮ್ಮ ಶಾಸಕರಿಂದ ಹೌದು–ಇಲ್ಲ ಕೇಳಿದ್ದು ಯಾವಾಗ?

ತೆರಿಗೆಯೇ ತಪ್ಪು ಎಂಬುದು ನನ್ನ ವಾದವಲ್ಲ. ಸರ್ಕಾರದ ಗ್ಯಾರಂಟಿ ಯೋಜನೆಗಳಿಗೆ ದುಡ್ಡು ಬೇಕು. ಬಸ್ಸಿನಲ್ಲಿ ಉಚಿತವಾಗಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳ ಉಳಿತಾಯವೂ ಲೆಕ್ಕಕ್ಕೆ ಬರಬೇಕು. ಏರಿಕೆಯ ನಂತರವೂ ನಮ್ಮ ಡೀಸೆಲ್ ಆಂಧ್ರ, ತಮಿಳುನಾಡಿಗಿಂತ ಅಗ್ಗ ಎಂದು ಸರ್ಕಾರ ಹೇಳಿದ್ದು ಸುಳ್ಳಲ್ಲ. ಇಷ್ಟು ಗಟ್ಟಿ ವಾದ ಕೈಯಲ್ಲಿದ್ದರೆ ಸದನದಲ್ಲಿ ಮಂಡಿಸಿ ಹೆಸರು ಹಿಡಿದು ಮತ ಕೇಳಲು ಅಂಜಿಕೆ ಯಾಕೆ?

ವಿಪ್ ಇರುವಾಗ ಎಲ್ಲರೂ ಪಕ್ಷದ ಸಾಲಿನಲ್ಲೇ ಮತ ಹಾಕುತ್ತಾರೆ, ಫಲಿತಾಂಶ ಬದಲಾಗದು ಎನ್ನುವವರಿದ್ದಾರೆ. ಬದಲಾಗದಿರಬಹುದು. ಆದರೆ ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರನ್ನು ನೆನೆಯಿರಿ. 13 ಹಳ್ಳಿಗಳ 1,777 ಎಕರೆಯನ್ನು ಭೂಸ್ವಾಧೀನದ ಅಧಿಸೂಚನೆಯೊಂದು ನುಂಗಲು ಹೊರಟಿತ್ತು. ಅವರು ಮೂರು ವರ್ಷಕ್ಕೂ ಮೀರಿ ಧರಣಿ ಕೂತು 2025ರ ಜುಲೈ 15ರಂದು ಮುಖ್ಯಮಂತ್ರಿಯ ಬಾಯಿಂದಲೇ ಸ್ವಾಧೀನ ಕೈಬಿಟ್ಟೆವು ಎನ್ನಿಸಿದರು. ಯಾರನ್ನು ಕೇಳಬೇಕೆಂದು ಅವರಿಗೆ ಗೊತ್ತಿತ್ತು. ಡೀಸೆಲ್ ದರಕ್ಕೆ ಯಾರನ್ನು ಕೇಳುವುದು? 2025ರ ಏಪ್ರಿಲ್‌ನಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿ ಕೆಲವೇ ದಿನಕ್ಕೆ ಕೈಬಿಟ್ಟರು.

ಇಲ್ಲಿನ ಶಾಸಕರು ಕೆ.ಎಚ್. ಮುನಿಯಪ್ಪ. ಏಳು ಬಾರಿ ಕೋಲಾರದ ಸಂಸದರಾಗಿದ್ದವರು, ಈಗ ಸಚಿವರು, ಜಿಲ್ಲಾ ಉಸ್ತುವಾರಿ. ಸದನದ ರೀತಿ ರಿವಾಜು ಅವರಿಗೆ ಯಾರೂ ಕಲಿಸಬೇಕಿಲ್ಲ. ಮಾರಾಟ ತೆರಿಗೆಯ ಯಾವ ಅಧಿಸೂಚನೆಯಾದರೂ ಮುಂದಿನ ಅಧಿವೇಶನದ ಮೊದಲ ವಾರ ಸದನಕ್ಕೆ ಬರಬೇಕು, ಹೆಸರು ಹಿಡಿದು ಮತ ವಿಭಜನೆಯಾಗಬೇಕು, ಸೋತರೆ ದರ ಬೀಳಬೇಕು: ಇಷ್ಟನ್ನು ಕಾನೂನಿಗೆ ಸೇರಿಸಿ ಎಂದು ಸಂಪುಟದಲ್ಲಿ ಅವರು ಕೇಳಲಿ. ಅವರು ಕೇಳದಿದ್ದರೆ ಬಿಜೆಪಿ, ಜೆಡಿಎಸ್ ಖಾಸಗಿ ಸದಸ್ಯರ ಮಸೂದೆ ತರಲಿ. ತರಲಾರರು ಎಂಬುದು ನನ್ನ ಗುಮಾನಿ. ನಾಳೆ ಅಧಿಕಾರಕ್ಕೆ ಬಂದರೆ ಆ ಅಧಿಸೂಚನೆಯ ಪೆನ್ನು ಅವರಿಗೂ ಬೇಕು.