ಮಾರಿದ ಮಾಲು ಮತ್ತು ಗಲ್ಲೆಯ ಹಿಂದಿನ ಫಲಕ



‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ.’ ಗದಗ, ಲಕ್ಷ್ಮೇಶ್ವರ, ನಮ್ಮ ಮುಳಗುಂದ, ಯಾವ ಪೇಟೆಗೆ ಹೋದರೂ ಈ ವಾಕ್ಯ ಗಲ್ಲೆಯ ಹಿಂದೆ ದೇವರ ಪಟದ ಪಕ್ಕದಲ್ಲಿಯೇ ತೂಗುತ್ತಿರುತ್ತದೆ. ಗಿರಾಕಿಯೂ ದೇವರೆದುರು ನಿಂತಂತೆ ಕೈಕಟ್ಟಿ ಸುಮ್ಮನಾಗುತ್ತಾನೆ. ದೋಷವುಳ್ಳ ಸರಕಿನ ಮಟ್ಟಿಗೆ ಈ ಫಲಕಕ್ಕೆ ಕಾನೂನಿನ ಬಲ ಎಳ್ಳಷ್ಟೂ ಇಲ್ಲವೆಂಬುದನ್ನು ತಿಳಿಸಲೆಂದೇ ಈ ಬರಹ.

ನಮ್ಮ ದೇಶಕ್ಕೆ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ. ಅದರ ಸ್ಥಾನದಲ್ಲಿ 2019ರ ಕಾಯ್ದೆ 2020ರ ಜುಲೈ ತಿಂಗಳಿನಿಂದ ಜಾರಿಯಲ್ಲಿದೆ. ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಅದು ‘ಅನುಚಿತ ವ್ಯಾಪಾರ ಪದ್ಧತಿ’ ಎಂದು ಕರೆಯುತ್ತದೆ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಗೆ ಸೇರಿದೆ.

ವ್ಯಾಪಾರಸ್ಥರಿಗೂ ಒಂದು ವಾದವಿದೆ. ಮದುವೆಗೆ ಉಟ್ಟ ಸೀರೆಯನ್ನು ಮರುದಿನ ಮಡಿಚಿ ತಂದು ‘ಬಣ್ಣ ಒಪ್ಪಲಿಲ್ಲ’ ಎನ್ನುವ ಜಾಣರು ಇಲ್ಲದಿಲ್ಲ. ಆದರೆ ಮನಸ್ಸು ಬದಲಾಯಿತೆಂಬ ಕಾರಣಕ್ಕೆ ಮಾಲು ಮರಳಿ ಪಡೆಯಿರೆಂದು ಈ ಕಾಯ್ದೆ ಅಂಗಡಿಯವನನ್ನು ಒತ್ತಾಯಿಸುವುದಿಲ್ಲ. ಪ್ರಶ್ನೆಯಿರುವುದು ಕೆಟ್ಟ ಸರಕಿನದು. ನಮ್ಮ ಬಂಧುವೊಬ್ಬರು ಕೊಂಡ ಮಿಕ್ಸರ್ ಮೂರನೆಯ ದಿನವೇ ಮೂಕವಾಯಿತು. ಅಂಗಡಿಯವರು ಫಲಕ ತೋರಿಸಿ, ‘ಹುಬ್ಬಳ್ಳಿಯ ಕಂಪನಿ ಸರ್ವಿಸ್ ಸೆಂಟರಿಗೆ ಒಯ್ಯಿರಿ’ ಎಂದರು. ಲಾಭ ಎಣಿಸಿಕೊಳ್ಳುವಾಗ ಇಲ್ಲದ ಕಂಪನಿ ದೋಷ ಕಂಡಾಗ ಎಲ್ಲಿಂದ ಬಂತು?

ಮಿಕ್ಸರನ್ನಾದರೂ ಹೊತ್ತು ತಂದು ತೋರಿಸಬಹುದು. ಮಣ್ಣಿಗೆ ಬಿದ್ದ ಬಿತ್ತನೆ ಬೀಜವನ್ನು ಹೇಗೆ ತೋರಿಸುವುದು? ರೈತನು ಗ್ರಾಹಕನೇ ಅಲ್ಲ, ಬೀಜದ ಮಾದರಿ ಪರೀಕ್ಷೆಗೆ ಹೋಗಿಲ್ಲ ಎಂದು ರಾಷ್ಟ್ರೀಯ ಬೀಜ ನಿಗಮವೇ ಸುಪ್ರೀಂ ಕೋರ್ಟಿನವರೆಗೆ ವಾದಿಸಿತ್ತು. 2012ರ ಜನವರಿಯಲ್ಲಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ತಂದ ಬೀಜವನ್ನೆಲ್ಲ ಬಿತ್ತುವ ರೈತ ಮುಂದೊಂದು ದಿನದ ವ್ಯಾಜ್ಯಕ್ಕೆಂದು ಮಾದರಿ ತೆಗೆದಿಡಲಿ ಎಂದು ನಿರೀಕ್ಷಿಸುವುದು ಸಲ್ಲದು ಎಂಬುದು ಅದರ ಇಂಗಿತ. ಮಳೆಯನ್ನೇ ನಂಬಿದ ನಮ್ಮ ಎರೆಹೊಲಗಳ ಒಕ್ಕಲಿಗರು ಇದನ್ನು ಬಾಯಿಪಾಠ ಮಾಡಬೇಕು.

ಇನ್ನು ಬಿಲ್ಲಿನ ಭಾಷೆ. ಹಿಂದಿನ ಬದಿಯಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ ಷರತ್ತುಗಳು! 1112ರ ಸುಮಾರಿಗೆ ‘ಧರ್ಮಾಮೃತ’ ಬರೆದ ನಯಸೇನ ಈ ಊರಿನವನು. ಜನರಿಗೆ ತಿಳಿಯುವ ಕನ್ನಡದಲ್ಲಿ ಬರೆಯಬೇಕೆಂದು ಹಟ ಹಿಡಿದವನು. ಅವನ ಊರಿನ ಗಿರಾಕಿ ಇಂದು ತನಗೆ ಓದಲಾಗದ ಷರತ್ತಿಗೆ ಒಪ್ಪಿದನೆಂದು ಸಾಧಿಸುತ್ತಾರೆ. ಓದಲು ಬಾರದಂತೆ ಬರೆದದ್ದನ್ನು ಒಪ್ಪಂದವೆನ್ನಲು ನಾಚಿಕೆಯಾಗಬೇಡವೇ?

ಆದ್ದರಿಂದ ಬಿಲ್ಲಿಲ್ಲದೆ ಹಣ ಕೊಡಬೇಡಿ. ಬಾಯಿಮಾತಿನಲ್ಲಿ ಜಗಳಾಡದೆ ದೂರನ್ನು ಬರೆದು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅದಕ್ಕೂ ಜಗ್ಗದಿದ್ದರೆ ಗದಗಿನಲ್ಲಿಯೇ ಜಿಲ್ಲಾ ಗ್ರಾಹಕ ಆಯೋಗವಿದೆ. ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ.

ನನ್ನ ಶಿಷ್ಯರಲ್ಲಿ ಅಂಗಡಿ ಇಟ್ಟವರೂ ಇದ್ದೀರಿ. ನಿಮಗೆ ನನ್ನದು ಒಂದೇ ಮಾತು: ಆ ಫಲಕವನ್ನು ಇಳಿಸಿರಿ. ‘ದೋಷವಿದ್ದರೆ 30 ದಿನಗಳೊಳಗೆ ಬಿಲ್ಲಿನೊಡನೆ ತನ್ನಿ’ ಎಂದು ದಪ್ಪ ಕನ್ನಡದ ಅಕ್ಷರಗಳಲ್ಲಿ ಬರೆಸಿರಿ. ಸರಕಿನ ಮೇಲೆ ನಂಬಿಕೆಯಿದ್ದವನಿಗೆ ಅಷ್ಟು ಬರೆಸಲು ಭಯವೇಕೆ?