ವಾಕ್ಯವೊಂದು, ವ್ಯಾಖ್ಯಾನ ಹಲವು

ವಿಶ್ವಾಸವನ್ನು ಅರಸಿ ಬರುವವನಿಗೆ ಹಾಸನದಲ್ಲಿ ನಾವು 73 ಗ್ರಂಥಗಳ ಬೈಬಲನ್ನು ನೀಡುತ್ತೇವೆ; ದಕ್ಷಿಣ ಭಾರತ ಸಭೆಯವರದು 66. ಶಿಶುಗಳ ಜ್ಞಾನಸ್ನಾನವೇ ಸಲ್ಲದೆಂಬ ಮೂರನೆಯವರ ವಾದವೂ ಅವನ ಕಿವಿಗೆ ಬೀಳುತ್ತದೆ. ಆತ ಹಿಂಜರಿದರೆ ಆಶ್ಚರ್ಯವೇನು?

ರೋಮನರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ವಿಶ್ವಾಸವನ್ನು ಎತ್ತಿಹಿಡಿದರೆ, ಸಂತ ಯಕೋಬರು ಸತ್ಕ್ರಿಯೆಯಿಲ್ಲದ ವಿಶ್ವಾಸ ನಿರ್ಜೀವವೆನ್ನುತ್ತಾರೆ. 16ನೆಯ ಶತಮಾನದಲ್ಲಿ ಈ ವಿಷಯವಾಗಿಯೇ ಬೇರೆಯಾದ ಕಥೋಲಿಕರೂ ಲೂಥರನರೂ 1999ರ ಅಕ್ಟೋಬರ್ 31ರಂದು ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಮೆಥಡಿಸ್ಟರೂ ಅದಕ್ಕೆ ಸಮ್ಮತಿಸಿದರು. 1947ರಲ್ಲಿ ಒಂದಾದ ದಕ್ಷಿಣ ಭಾರತ ಸಭೆಯ ಬೇರುಗಳಲ್ಲೊಂದು ಮೆಥಡಿಸ್ಟರದು. ನಮ್ಮೂರ ರೆಡ್‌ಫರ್ನ್ ಆಸ್ಪತ್ರೆಯೂ ಅವರ ಮಿಷನರಿಗಳ ಕೊಡುಗೆ. ಆದರೂ ಈ ಒಪ್ಪಂದದ ಮಾತನ್ನು ಎಷ್ಟು ಪ್ರಬೋಧನೆಗಳಲ್ಲಿ ಕೇಳಿದ್ದೇವೆ?

ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯತಾ ಪ್ರಾರ್ಥನಾ ಸಪ್ತಾಹ. ಆಗಲಾದರೂ ನೆರೆಯ ಸಭೆಯವರನ್ನು ಕರೆದು ಆ ಎರಡು ಪತ್ರಗಳನ್ನು ಜೊತೆಗೂಡಿ ಓದೋಣ; ಗ್ರಂಥಸಂಖ್ಯೆಯ ಚರ್ಚೆ ಆಮೇಲಿರಲಿ.