ಸುಣ್ಣಬಣ್ಣವಲ್ಲ, ಹೊಸ ಬಲೆ

1996ರ ‘ರೆಸಿಡೆಂಟ್ ಈವಿಲ್’ ಆಟದ 2002ರ ಪುನರ್ನಿರ್ಮಾಣವು ಹಳೆಯ ಬಂಗಲೆಗೆ ಬಳಿದ ಸುಣ್ಣಬಣ್ಣವಷ್ಟೆ, ಮೂಲವನ್ನು ಬಲ್ಲವರಿಗೆ ಅದರಲ್ಲಿ ಭೀತಿಯೇ ಉಳಿದಿಲ್ಲವೆಂಬುದು ಕಳೆದ ಸಂಚಿಕೆಯ ಲೇಖಕರ ವಾದ. ಎರಡನ್ನೂ ನಿರ್ದೇಶಿಸಿದ ಶಿಂಜಿ ಮಿಕಾಮಿಯವರು ನಮ್ಮ ಆ ಪೂರ್ವಜ್ಞಾನವನ್ನೇ ಬಲೆಯಾಗಿ ಹೆಣೆದಿರುವರೆಂಬುದನ್ನು ಅವರು ಗಮನಿಸಿದಂತಿಲ್ಲ. ಕಿಟಕಿಯೊಡೆದು ನಾಯಿ ನುಗ್ಗುತ್ತಿದ್ದ ಆ ಪ್ರಸಿದ್ಧ ಓಣಿಯಲ್ಲಿ ನನ್ನಂತಹ ಹಳೆಯ ಅಭಿಮಾನಿಯು ಪಿಸ್ತೂಲು ಹಿಡಿದು ಸನ್ನದ್ಧನಾಗಿ ಕಾಲಿಟ್ಟರೆ, ಗಾಜು ಚಟ್ಟೆಂದು ಬಿರುಕುಬಿಡುವುದಲ್ಲದೆ ನಾಯಿ ಬಾರದು. ಅದು ಬರುವುದು ಮುಂದೊಮ್ಮೆ ಮೈಮರೆತು ಮರಳಿದಾಗ. ತಲೆಯೊಡೆಯದೆ, ಸುಡದೆ ಬಿಟ್ಟ ಹೆಣವು ಮೊದಲಿಗಿಂತ ವೇಗವಾಗಿ, ಕೆಂಪುತಲೆಯ ಪಿಶಾಚಿಯಾಗಿ ಏಳುವುದು. ಸುಡೋಣವೆಂದರೆ ಸೀಮೆಎಣ್ಣೆಯೋ ಪರಿಮಿತ. ಇನ್ನು ಮೂಲದಲ್ಲಿ ಇಲ್ಲವೇ ಇಲ್ಲದ, ಗುಂಡಿಗೂ ಸಾಯದ, ಕೈಕೋಳ ತೊಟ್ಟ ಲೀಸಾ ಟ್ರೆವರ್‌ಳ ಹೆಸರನ್ನೇ ಲೇಖಕರು ಎತ್ತಿಲ್ಲವಾಗಿ, ಅವರ ಆಟವು ಆರಂಭದ ಊಟದ ಕೋಣೆಯಲ್ಲಿಯೇ ನಿಂತಿತೋ ಏನೋ ಎಂಬ ಸಂದೇಹ ನನ್ನದು.